ತನುವಿನ ಎತ್ತಿಗೆ ನಾಲ್ಕನೆಯ ಕಾಲು

ಮಣ್ಣೆತ್ತಿನ ಅಮಾವಾಸ್ಯೆಯ ಬೆಳಿಗ್ಗೆ, ಮೂರು ವರ್ಷವೂ ತುಂಬದ ತನ್ಮಯಿ ಎತ್ತು ಮಾಡಲು ಕುಳಿತಳು. ಮನೆಯವರಿಗೆ ಅವಳು ತನು. ಹಬ್ಬಕ್ಕೆ ಖರ್ಚೇನೂ ಇರಲಿಲ್ಲ. ಅಜ್ಜಿ ದುಂಡವ್ವ ಹೊಲದ ಬದುವಿನಿಂದ ಸೆರಗಿನಲ್ಲಿ ಒಂದು ಹೆಂಟೆ ಕರಿಮಣ್ಣು ತಂದಿದ್ದಳು. ನೀರು ನಲ್ಲಿಯದು, ಎತ್ತಿನ ಕಣ್ಣಿಗೆ ಡಬ್ಬಿಯಲ್ಲಿದ್ದ ಕುಸುಬಿ ಕಾಳು.

ಒಂದು ತಾಸು ಕೂಸಿನ ಸದ್ದೇ ಇಲ್ಲ. ಮಣ್ಣನ್ನು ಕುಟ್ಟಿದಳು, ಉಂಡೆ ಕಟ್ಟಿದಳು, ಒಮ್ಮೆ ನೆಕ್ಕಿಯೂ ನೋಡಿದಳು. ಕೊನೆಗೆ ಎದ್ದು ನಿಂತ ಎತ್ತಿಗೆ ಹೊಟ್ಟೆಗಿಂತ ಬೆನ್ನ ಮೇಲಿನ ಡುಬ್ಬ ದೊಡ್ಡದು, ಕಾಲು ಮೂರು. ತನು ಒಂದೊಂದೇ ಕಾಲಿನ ಮೇಲೆ ಬೆರಳಿಟ್ಟು ಎಣಿಸಿದಳು: ಒಂದು, ಎರಡು, ಐದು. ಎತ್ತನ್ನು ಬಿಸಿಲಿಗಿಟ್ಟು, ಯಾರೂ ಮುಟ್ಟಬಾರದೆಂದು ಅಜ್ಜಿಗೆ ಹೇಳಿ ಮಲಗಿದಳು.

ತನುವಿನ ತಾಯಿ ಜಯಶೀಲಾಗೆ ಮಧ್ಯಾಹ್ನ ಬಾಲವಾಡಿಯಲ್ಲಿ ಕಲಿಸುವ ಅಕ್ಕೋರಿಂದ ಮೆಸೇಜು ಬಂತು. ಮಕ್ಕಳೇ ಮಾಡಿದ ಮಣ್ಣೆತ್ತಿನ ಫೋಟೊವನ್ನು ಸಂಜೆಯೊಳಗೆ ಗ್ರೂಪಿಗೆ ಹಾಕಬೇಕಂತೆ. ಅಷ್ಟರಲ್ಲಿ ಹತ್ತೊಂಬತ್ತು ಮನೆಯ ಎತ್ತುಗಳು ಬಂದು ನಿಂತಿದ್ದವು. ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಬೆನ್ನಿಗೆ ಜರಿಯ ಝೂಲ. ತಮ್ಮ ಮೂಗು ಒರೆಸಿಕೊಳ್ಳಲು ಬಾರದ ಕೂಸುಗಳು ಎತ್ತಿಗೆ ಮೂಗುದಾರ ಪೋಣಿಸಿದ್ದವಂತೆ! ಫೋಟೊ ಕಳಿಸಿದ ತಾಯಂದಿರಿಗೆ ನಾಚಿಕೆಯಿಲ್ಲ. ನೋಡಿಯೂ ನಂಬಿದಂತೆ ಮಾಡಿದ ಅಕ್ಕೋರಿಗಂತೂ ಮೊದಲೇ ಇಲ್ಲ.

ಜಯಶೀಲಾಳಾದರೂ ಬೇರೆಯೇ? ಮಗಳು ನಿದ್ದೆಯಲ್ಲಿದ್ದಾಗ ಎತ್ತನ್ನು ಒಳಗೆ ತಂದಳು. ಡುಬ್ಬ ಕೆತ್ತಿ ಸಣ್ಣದು ಮಾಡಿದಳು. ಹಸಿ ಮಣ್ಣು ಕಲಸಿ ನಾಲ್ಕನೆಯ ಕಾಲು ಹಚ್ಚಿದಳು. ಕೊಂಬಿಗೆ ಕೆಂಪು ಬಣ್ಣ ಬಳಿದಳು. ಬೇಡವೇ ಬೇಡ ಅಂದ ಅತ್ತೆ ದುಂಡವ್ವನಿಗೆ, ನಿಮಗೆ ಇವೆಲ್ಲ ತಿಳಿಯೋದಿಲ್ಲ ಸುಮ್ಮನಿರಿ ಅಂದಳು. ಫೋಟೊ ಹೋಯಿತು. ತನು ಬಹಳ ಜಾಣೆ ಎಂದು ಅಕ್ಕೋರ ಉತ್ತರ ಬಂತು, ಜೊತೆಗೆ ಹತ್ತು ಚಪ್ಪಾಳೆಯ ಚಿತ್ರ.

ಎದ್ದ ತನು ತನ್ನ ಎತ್ತು ಎಲ್ಲಿ ಎಂದು ಕೇಳಿದಳು. ದೇವರ ಜಗಲಿಯ ಮೇಲಿರುವುದೇ ನಿನ್ನದು, ಎಷ್ಟು ಚಂದಾಗೈತಿ ನೋಡು ಎಂದಳು ತಾಯಿ. ಕೂಸು ನಂಬಲಿಲ್ಲ. ಮಂಚದ ಕೆಳಗೆ ಹುಡುಕಿತು, ಕೊಡದ ಹಿಂದೆ ಹುಡುಕಿತು. ಆಮೇಲೆ ಮತ್ತೆ ಜಗಲಿಯ ಮುಂದೆ ಬಂದು ಆ ಕೆಂಪು ಕೊಂಬನ್ನೇ ನೋಡುತ್ತ ನಿಂತಿತು.

ದಿನವೂ ಸಂಜೆ ರೊಟ್ಟಿ ಬಡಿಯುವಾಗ ತನುವಿಗೂ ಒಂದು ಚೂರು ಹಿಟ್ಟು ಸಿಗುತ್ತಿತ್ತು. ಅಂದು ತಾಯಿ ಕೊಟ್ಟರೆ ಕೈ ಹಿಂದಕ್ಕೆ ಕಟ್ಟಿಕೊಂಡಳು.

"ನೀನ ಮಾಡು. ನಂದು ಚಂದಿಲ್ಲ."

ಮರುದಿನ ಬಳಪ ಮುಟ್ಟಲಿಲ್ಲ. ಅನ್ನದ ತಟ್ಟೆ ಇಟ್ಟರೂ ಕೈ ಮುಂದೆ ಬರಲಿಲ್ಲ. ಮೂರು ತುಂಬದ ಬಾಯಲ್ಲಿ 'ನಂದು ಚಂದಿಲ್ಲ' ಎಂಬ ಮಾತು ತಾನಾಗಿ ಹುಟ್ಟುತ್ತದೆಯೇ? ಹೆತ್ತವರೇ ತುತ್ತು ಮಾಡಿ ತುರುಕಿದರೆ ಮಾತ್ರ ಬರುತ್ತದೆ. ಜಯಶೀಲಾಗೆ ಈಗ ಹೆದರಿಕೆಯಾಯಿತು. ಮುದ್ದು ಮಾಡಿದಳು, ಗದರಿದಳು. ಆ ಪುಟ್ಟ ಕೈಗಳು ಬೆನ್ನ ಹಿಂದಿನಿಂದ ಈಚೆ ಬರಲಿಲ್ಲ.

ಆ ಕಡೆ ಒಂದು ರೂಢಿಯಿದೆ. ಅಮಾವಾಸ್ಯೆ ಕಳೆದ ಮೇಲೆ ಓಣಿಯ ಮಕ್ಕಳು ಕಾಲು ಮುರಿದ ಒಂದು ಮಣ್ಣೆತ್ತನ್ನು ಮಣೆಯ ಮೇಲಿಟ್ಟು, ಕುಂಟೆತ್ತು ಬಂದಿದೆ ಎಂದು ಹಾಡುತ್ತ ಮನೆಮನೆಗೆ ಜೋಳ ಕೇಳುತ್ತಾರೆ. ಅಂದು ಸಂಜೆ ಆರೇಳು ಹುಡುಗಿಯರು ಖಾಲಿ ಮಣೆ ಹಿಡಿದು ಬಾಗಿಲಿಗೆ ಬಂದರು. ಓಣಿಯಲ್ಲೆಲ್ಲ ನಾಲ್ಕು ಕಾಲಿನವೇ ಇವೆಯಂತೆ. ಮುರಿಯುತ್ತೇವೆ ಅಂದರೆ ಯಾವ ತಾಯಿಯೂ ಕೊಡುತ್ತಿಲ್ಲವಂತೆ.

ದುಂಡವ್ವ ಸೊಸೆಯ ಕಡೆ ನೋಡಿದಳು.

"ನಮ್ಮನ್ಯಾಗ ಒಂದಿತ್ತವ್ವ, ಚಲೋ ಕುಂಟೆತ್ತು. ನಮ್ಮ ಸೊಸಿ ಡಾಕ್ಟರ್ಕಿ ಮಾಡಿ ನೆಟ್ಟಗ ನಿಂದರಿಸ್ಯಾಳ."

ಹುಡುಗಿಯರು ಕಿಸಕ್ಕೆಂದರು. ಜಯಶೀಲಾ ಹೋಗಿ ಜಗಲಿಯಿಂದ ಎತ್ತನ್ನು ಎತ್ತಿದಳು. ಮುರಿಯಬೇಕಾಗಿ ಬರಲಿಲ್ಲ. ಅವಳು ಹಚ್ಚಿದ ಕಾಲು ತಾನೇ ಉದುರಿ ಅಂಗೈಗೆ ಬಿತ್ತು.

"ಒಣಗಿದ ಮಣ್ಣಿಗೆ ಹಸೀದು ಹಚ್ಚಿದರ ನಿಂದರತೈತೇನ?" ಎಂದಳು ದುಂಡವ್ವ. "ಕೂಸು ಹಚ್ಚಿದ್ದು ನೋಡು, ಮೂರೂ ಅಲ್ಲೇ ಅದಾವು."

ಬಾಗಿಲ ಸಂದಿಯಲ್ಲಿ ನಿಂತಿದ್ದ ತನು ಹತ್ತಿರ ಬಂದಳು. ಎತ್ತನ್ನು ದಿಟ್ಟಿಸಿದಳು. ಬೆನ್ನ ಹಿಂದಿದ್ದ ಒಂದು ಕೈ ಮುಂದೆ ಬಂತು, ಬೆರಳು ಕಾಲಿನ ಮೇಲೆ ಕೂತಿತು.

"ಒಂದು, ಎರಡು, ಐದು. ನಂದು ಬಂತು."

ಹುಡುಗಿಯರು ಎತ್ತನ್ನು ಮಣೆಯ ಮೇಲಿಟ್ಟು, ಅವಳನ್ನೇ ಮುಂದೆ ನಿಲ್ಲಿಸಿಕೊಂಡು ಹೊರಟರು. ಜಯಶೀಲಾ ಅಂಗೈಯಲ್ಲಿದ್ದ ಕಾಲನ್ನು ಪುಡಿ ಮಾಡಿ, ನೀರು ಚಿಮುಕಿಸಿ, ಮತ್ತೆ ಮಣ್ಣಾಗಿಸಿ ಮಗಳು ಕೂರುವ ಜಾಗದಲ್ಲಿ ಇಟ್ಟಳು.

ನೀತಿ: ಹಬ್ಬದ ದಿನ ಕೂಸಿನ ಕೈಗೆ ಮಣ್ಣು ಕೊಡಿ, ಹಿಟ್ಟು ಕೊಡಿ, ಕೊಟ್ಟ ಮೇಲೆ ನಿಮ್ಮ ಕೈ ಕಟ್ಟಿಕೊಂಡು ಕೂರಿ. ಕೂಸು ಮಾಡಿದ್ದು ಕುಂಟಾಗಿದ್ದರೂ ಅದು ಅದರ ಸ್ವಂತದ್ದು. ಅದನ್ನು ತಿದ್ದಲು ಹೋದರೆ ಎತ್ತು ನೆಟ್ಟಗಾಗುತ್ತದೆ, ಕೂಸು ಕುಂಟುತ್ತದೆ.