ದೀಪದ ಮಣ್ಣು ತರದ ಗೀಜಗ

ಕಾಡೊಂದರ ನಡುವೆ ಹರಿಯುವ ಹಳ್ಳದ ಮೇಲೆ ಜಾಲಿಮರವೊಂದು ಬಾಗಿ ನಿಂತಿತ್ತು. ಅದರ ತುಂಬ ಗೀಜಗಗಳ ಗೂಡುಗಳು ತೂಗುತ್ತಿದ್ದವು. ಅಲ್ಲಿ ದ್ಯಾವ ಎಂಬ ಗೀಜಗನಿದ್ದ. ಗೂಡು ಹೆಣೆಯುವುದರಲ್ಲಿ ಅವನನ್ನು ಮೀರಿಸುವ ಕೊಕ್ಕು ಏಳು ಕಾಡು ಹುಡುಕಿದರೂ ಸಿಗುತ್ತಿರಲಿಲ್ಲ. ಇದು ಬಡಾಯಿಯಲ್ಲ. ಅವನು ಹಾಕಿದ ಗಂಟನ್ನು ಬಿಚ್ಚಲು ಹೋಗಿ ಕೋತಿಯೊಂದು ಹಲ್ಲು ನೋಯಿಸಿಕೊಂಡಿತ್ತು!

ಗೀಜಗಗಳಲ್ಲಿ ಒಂದು ಪದ್ಧತಿಯಿತ್ತು. ಹೊತ್ತು ಮುಳುಗುವಾಗ ಮನೆಯ ಯಜಮಾನ ಹಳ್ಳದ ದಂಡೆಯಿಂದ ಒಂದು ಕೊಕ್ಕು ಹಸಿಮಣ್ಣು ತಂದು ಗೂಡಿನ ಒಳಗೋಡೆಗೆ ಮೆತ್ತಬೇಕು. ಆ ತಂಪಿಗೆ ಮಿಂಚುಹುಳ ಬಂದು ಕೂರುತ್ತಿತ್ತು. ಅದೇ ಮನೆಯ ದೀಪ. ಆ ಬೆಳಕಿನಲ್ಲಿ ಎಲ್ಲರೂ ಸೇರಿ ವನದೇವಿಯನ್ನು ನೆನೆದು ನಾಲ್ಕು ಸಾಲು ಹಾಡುತ್ತಿದ್ದರು. ಮಣ್ಣಿನ ಭಾರಕ್ಕೆ ಗೂಡೂ ಗಾಳಿಗೆ ಅಲುಗದೆ ನಿಲ್ಲುತ್ತಿತ್ತು.

ದ್ಯಾವನ ಹೆಂಡತಿ ಸಿಂಗಾರಿ. ಅವರಿಗೆ ರೆಕ್ಕೆ ಬಲಿಯದ ಮೂರು ಮರಿಗಳು. ಆ ಮರಿಗಳ ಮೇಲೆ ಒಂದು ಮುದಿ ಕೆಂಬೂತದ ಕಣ್ಣು ಬಿದ್ದಿತ್ತು.

"ಏನಯ್ಯಾ ದ್ಯಾವಣ್ಣ!" ಎಂದಿತು ಕೆಂಬೂತ. "ನಿನ್ನಂಥ ಕಸುಬುದಾರ ಈ ಒಂದು ಮರಕ್ಕೇ ಸಾಕೇ? ಗುಡ್ಡದ ಹೊಂಗೆಮರದಲ್ಲಿ ನನಗೊಂದು ಗೂಡು ಹೆಣೆದುಕೊಡು. ಮೂರಂಕಣದ್ದು. ಇಡೀ ಕಾಡು ನಿನ್ನ ಮುಂದೆ ಸಾಲು ನಿಲ್ಲೋ ಹಾಗೆ ಮಾಡ್ತೀನಿ."

ದ್ಯಾವನ ಎದೆ ಉಬ್ಬಿತು. "ಮೂರೇನು, ಏಳಂಕಣ ಬೇಕಾದ್ರೂ ಹೆಣೀತೀನಿ!"

ಕೆಂಬೂತ ಹೇಳಿದಂತೆಯೇ ಮಾಡಿತು. ಪಿಕಳಾರ ಬಂತು, ಮೈನಾ ಬಂತು, ಎಲ್ಲರಿಗೂ ದ್ಯಾವನ ಗೂಡೇ ಬೇಕು. ಅವನು ಬೆಳಗ್ಗೆ ಹೋದರೆ ಕತ್ತಲಾದ ಮೇಲೆ ಬರತೊಡಗಿದ. ಕೊಕ್ಕಿನ ತುಂಬ ಕಾಳು ಇರುತ್ತಿತ್ತು, ಮಣ್ಣು ಇರುತ್ತಿರಲಿಲ್ಲ.

"ದೀಪದ ಮಣ್ಣೆಲ್ಲಿ?" ಎಂದಳು ಸಿಂಗಾರಿ.

"ಮರೆತೇಬಿಟ್ಟೆ ಮಾರಾಯ್ತಿ. ನಾಳೆ ಎರಡು ಸಲ ತರ್ತೀನಿ."

"ಇವತ್ತಿನ ಹಸಿವಿಗೆ ನಾಳೆ ಎರಡು ಸಲ ಉಂಡ್ರೆ ಆಯ್ತಾ? ನಾನೇ ಹೋಗೋಣ ಅಂದ್ರೆ ಆ ಕೆಂಬೂತ ಇಲ್ಲೇ ಸುಳೀತಿರುತ್ತೆ. ಅದರ ನೋಟ ಸರಿಯಿಲ್ಲ."

"ಅದು ನನ್ನ ಮೊದಲ ಗಿರಾಕಿ ಕಣೇ! ನಾನು ಇಷ್ಟೆಲ್ಲ ಒದ್ದಾಡೋದು ಯಾರಿಗೋಸ್ಕರ? ನಿಮಗೇ ಅಲ್ವಾ?"

ಅವನು ಹೇಳಿದ್ದು ಸುಳ್ಳಲ್ಲ. ಪಾಪ, ಅವನ ರೆಕ್ಕೆಗಳೂ ಸೋತಿದ್ದವು. ಇನ್ನೊಂದು ದಿನ ಅವನು ಕತ್ತಲಲ್ಲಿ ಒಳಗೆ ಬರುತ್ತಲೇ ಮರಿಯೊಂದು, "ಅಮ್ಮಾ, ಕಳ್ಳ!" ಎಂದು ಚೀರಿತು. ದ್ಯಾವ ಜೋರಾಗಿ ನಕ್ಕ. ಆದರೆ ನಿದ್ದೆ ಬೇಗ ಹತ್ತಲಿಲ್ಲ.

ಗೋಡೆಯ ಹಳೆಯ ಮಣ್ಣು ಒಣಗಿ, ಬಿರಿದು, ಹೆಂಟೆಹೆಂಟೆಯಾಗಿ ಹಳ್ಳಕ್ಕೆ ಬಿತ್ತು. ಗೂಡು ಹಗುರಾಯಿತು. ಕೆಂಬೂತ ಕಾಯುತ್ತಿದ್ದುದು ಇದಕ್ಕೇ.

"ದ್ಯಾವಣ್ಣ, ಇವತ್ತು ನನ್ನ ಗೂಡಿನ ಸೂರು ಮುಗೀಲೇಬೇಕು. ಪೂರ್ತಿ ಕತ್ತಲಾಗೋ ತನಕ ಕದಲಬೇಡ," ಎಂದು ಹೇಳಿ ಅದು ಮೆಲ್ಲಗೆ ಜಾರಿಕೊಂಡಿತು.

ಹೊತ್ತು ಮುಳುಗಿತು. ಗಾಳಿ ಎದ್ದಿತು. ದ್ಯಾವ ಗಂಟು ಹಾಕುತ್ತ ಜಾಲಿಮರದ ಕಡೆ ನೋಡಿದ. ಗೂಡುಗಳಲ್ಲಿ ಒಂದೊಂದಾಗಿ ದೀಪಗಳು ಹೊತ್ತಿಕೊಂಡವು. ಒಂದು ಗೂಡು ಮಾತ್ರ ಕಪ್ಪಗಿತ್ತು. ಯಾರಪ್ಪಾ ಈ ಸೋಮಾರಿ ಎಂದುಕೊಂಡ. ಮರುಕ್ಷಣ ಅವನ ಕೊಕ್ಕು ನಿಂತಿತು. ಅದು ಅವನದೇ ಗೂಡು!

ಕಾಲಲ್ಲಿದ್ದ ನಾರಿನ ಎಳೆಯ ಸಮೇತ ಅವನು ಹಾರಿದ. ದಂಡೆಗಿಳಿದು ಮಣ್ಣು ತುಂಬಿಕೊಂಡ. ಆಗ ಮೇಲಿಂದ ಮರಿಗಳ ಕೂಗು ಕೇಳಿತು.

ಗೂಡು ಗಾಳಿಗೆ ಅಡ್ಡಡ್ಡ ಹೊಯ್ದಾಡುತ್ತಿತ್ತು. ಮರಿಗಳು ಕೊಳವೆಯಂಥ ಬಾಗಿಲ ಕಡೆಗೆ ಜಾರುತ್ತಿದ್ದವು. ಸಿಂಗಾರಿ ರೆಕ್ಕೆ ಅಗಲಿಸಿ ಬಾಗಿಲಿಗೆ ಅಡ್ಡ ಬಿದ್ದಿದ್ದಳು. ಕೆಳಗಿನ ಕೊಂಬೆಯ ಮೇಲೆ ಕೆಂಬೂತ ಬಾಯಿ ತೆರೆದು ನಿಂತಿತ್ತು.

"ಎಷ್ಟು ಹೊತ್ತು ತಡೀತೀಯಾ ತಾಯಿ?" ಎಂದು ನಕ್ಕು, ಕೊಳವೆಯೊಳಗೆ ತಲೆ ತೂರಿಸಿತು.

ಹಾರಿ ಬಂದ ದ್ಯಾವ ಮಣ್ಣನ್ನು ಕೊಂಬೆಯ ಮೇಲಿಟ್ಟು, ಹೊರಗಿನಿಂದಲೇ ಆ ಕೊಳವೆಗೆ ಕಾಲಲ್ಲಿದ್ದ ನಾರು ಸುತ್ತಿದ. ಕೆಂಬೂತದ ಕುತ್ತಿಗೆಗೆ ಸರಿಯಾಗಿ ಮೂರು ಸುತ್ತು ಸುತ್ತಿ, ಕೋತಿಯೂ ಬಿಚ್ಚದ ಗಂಟು ಬಿಗಿದ. ಕೆಂಬೂತ ಒದ್ದಾಡಿತು. ಕೊಳವೆ ಹರಿಯಿತು. ಮುಖಕ್ಕೆ ಹುಲ್ಲಿನ ಚೀಲ ತೊಟ್ಟ ಕೆಂಬೂತ ಧೊಪ್ಪೆಂದು ಹಳ್ಳಕ್ಕೆ ಬಿತ್ತು. ದಿಕ್ಕು ಕಾಣದೆ ಮುಳ್ಳುಪೊದೆಗೆ ನುಗ್ಗಿತು. ಮರವೆಲ್ಲ ಗೊಳ್ಳೆಂದು ನಕ್ಕಿತು. ಅಂದಿನಿಂದ ಅದು ಆ ದಂಡೆಗೆ ಕಾಲಿಡಲಿಲ್ಲ.

ದ್ಯಾವ ಕೊಂಬೆಯ ಮೇಲಿಟ್ಟ ಮಣ್ಣನ್ನು ಒಳಗೆ ತಂದು ಮೆತ್ತಿದ. "ತಪ್ಪಾಯ್ತು ಕಣೇ," ಎಂದ.

"ಮೊದಲು ದೀಪ ಹತ್ತಲಿ," ಎಂದಳು ಸಿಂಗಾರಿ. "ಬೈಯೋದು ಆಮೇಲೆ ಬೈತೀನಿ."

ಮರುದಿನ ಇಳಿಹೊತ್ತಿನಲ್ಲಿ ಮೈನಾ ಸಿಡುಕಿತು. "ಇನ್ನೂ ಬೆಳಕಿದೆಯಲ್ಲೋ, ಈಗಲೇ ಹೊರಟೆಯಾ? ಹಾಗಾದ್ರೆ ನಾನು ಬೇರೆಯವರನ್ನ ನೋಡ್ಕೋತೀನಿ."

ದ್ಯಾವನಿಗೆ ಒಂದು ಗಳಿಗೆ ಕಸಿವಿಸಿಯಾಯಿತು. ಅದು ದೊಡ್ಡ ಕೆಲಸ. "ನೋಡ್ಕೋ ಅಕ್ಕ," ಎಂದ. ಹಳ್ಳದ ಕಡೆ ಹಾರಿದ.

ನೀತಿ: ಕಸುಬು ಎಷ್ಟೇ ದೊಡ್ಡದಿರಲಿ, ಮನೆಯವರಿಗೂ ದೇವರಿಗೂ ಸಲ್ಲಬೇಕಾದ ಹೊತ್ತನ್ನು ಅದಕ್ಕೆ ಬಿಟ್ಟುಕೊಡಬಾರದು.