ಮೇಜಿನ ಎರಡು ಮೈ

ಇದನ್ನು ನನಗೆ ಮೊದಲು ಹೇಳಿದವರು ಬಡಗಿ ಮೌನೇಶಾಚಾರ್ಯರು, ಪಾಲಿಶ್ ಒಣಗುವ ತನಕ ಹೊತ್ತು ಹೋಗಬೇಕಲ್ಲ ಎಂದು.

ತುಂಗಕ್ಕ ತನ್ನ ಮೊಣಕೈ ಎತ್ತರಕ್ಕೆ ಅಳತೆ ಕೊಟ್ಟು ಒಂದು ಪುಟ್ಟ ಮೇಜು ಮಾಡಿಸಿದಳು. ಕೆಲಸ ನಡೆಯುವಾಗ ದಿನಾ ಬಂದು ಹಲಗೆಯನ್ನು ಸವರಿ, "ಇನ್ನೂ ಎಷ್ಟು ದಿನ?" ಎನ್ನುತ್ತಿದ್ದಳು. ಕೊನೆಗೆ ಹಲಗೆಯ ಮೇಲ್ಮೈಗೆ ಮೂರು ಸಲ ಪಾಲಿಶ್ ಬಿತ್ತು. ಯಾರಿಗೂ ಕಾಣದ ಕೆಳಮೈಗೆ ಒಂದು ಸಲವೂ ಇಲ್ಲ.

"ಪಾಪ, ನೀನು ಹಾಗೇ ಒರಟಾಗಿ ಉಳಿದೆಯಲ್ಲೇ," ಎಂದು ಮೇಲ್ಮೈ ಕೊಂಕು ನುಡಿಯಿತು.

ಮೇಜು ಮನೆಗೆ ಬಂತು. ಗೀರು ಬಿದ್ದೀತೆಂದು ತುಂಗಕ್ಕ ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದಳು, ಹಾಳೆಯ ಮೇಲೊಂದು ಕಸೂತಿ ಬಟ್ಟೆ. ವರ್ಷಗಳು ಕಳೆದವು. ಮಂಡಿನೋವು ಶುರುವಾದ ಮೇಲೆ ಅವಳು ಕುರ್ಚಿಯಿಂದ ಏಳುವಾಗೆಲ್ಲ ಮೇಜಿನ ಅಂಚಿನಡಿ ಬೆರಳು ಕೊಟ್ಟು, ಕೆಳಮೈಯನ್ನು ಹಿಡಿದೇ ಏಳುತ್ತಿದ್ದಳು.

ಒಂದು ದಿನ ಮೇಲ್ಮೈ ಮೆಲ್ಲಗೆ ಕೇಳಿತು: "ತಂಗೀ, ಅವಳ ಕೈ ಈಗ ಹೇಗಿದೆಯೇ?"

"ಸ್ವಲ್ಪ ನಡುಗುತ್ತದೆ ಅಕ್ಕಾ. ಆದರೆ ಬೆಚ್ಚಗಿದೆ."

"ಇನ್ನೊಂದು ಸಲ ಹೇಳು," ಎಂದಿತು ಮೇಲ್ಮೈ.

ನೀವೂ ಇದನ್ನು ಯಾರಿಗಾದರೂ ಹೇಳಿ. ಹೊಸದನ್ನು ಮುಚ್ಚಿಟ್ಟುಕೊಂಡವರು ಸಿಕ್ಕರೆ, ಮೊದಲು ಅವರಿಗೇ ಹೇಳಿ.