ಹನ್ನೆರಡನೆಯ ಕುರ್ಚಿ

ಪುಣ್ಯಾತ್ಮರಾದ ಉಪದೇಶಿ ಅರುಳಪ್ಪನವರ ಹೆಸರೆತ್ತಿದರೆ ಬಂಡೆಕೊಪ್ಪಲಿನ ಕ್ರೈಸ್ತರ ಮುಖ ಇಂದಿಗೂ ಅರಳುತ್ತದೆ. ಅವರೇನು ಗುರುಗಳಲ್ಲ, ಮಠವಾಸಿಗಳೂ ಅಲ್ಲ. ದೇವಾಲಯದ ಹಿಂದಿನ ಹೆಂಚಿನ ಕೋಣೆಯಲ್ಲಿ ಸಂಸಾರ ಹೂಡಿ, ಮಕ್ಕಳಿಗೆ ಜಪ ಕಲಿಸುತ್ತ, ಗಂಟೆ ಹೊಡೆಯುತ್ತ, ಸಾಯುವವರ ಪಕ್ಕದಲ್ಲಿ ಕೂತು ಪ್ರಾರ್ಥಿಸುತ್ತ ಬಾಳಿದವರು.

ಪವಿತ್ರ ಗುರುವಾರದ ಸಂಜೆ, ಯೇಸುಪ್ರಭು ಶಿಷ್ಯರ ಪಾದ ತೊಳೆದ ನೆನಪಿಗೆ, ಊರಿನ ಹನ್ನೆರಡು ಗಂಡಸರನ್ನು ಪೀಠದ ಮುಂದೆ ಕೂರಿಸಿ ದೇವಾಲಯದ ಗುರುಗಳಾದ ಸ್ವಾಮಿಗಳು ಅವರ ಕಾಲು ತೊಳೆದು ಮುತ್ತಿಡುತ್ತಾರಲ್ಲ, ಆ ಹನ್ನೆರಡು ಜನರನ್ನು ಆರಿಸುವ ಹೊಣೆಯೂ ಅರುಳಪ್ಪನವರದೇ. ಆರಿಸಲ್ಪಟ್ಟವರ ಸಡಗರ ಕೇಳಬೇಕೆ! ಮಧ್ಯಾಹ್ನದಿಂದಲೇ ಬಾವಿಕಟ್ಟೆಯ ಮೇಲೆ ಸಾಲಾಗಿ ಕೂತು, ಸೋಪು ಹಚ್ಚಿ, ಹಿಮ್ಮಡಿಯನ್ನು ಕಲ್ಲಿನಿಂದ ತಿಕ್ಕಿದ್ದೇ ತಿಕ್ಕಿದ್ದು.

ಆ ವರ್ಷವೂ ಹಾಗೇ ನಡೆದಿತ್ತು. ಎದುರಿನ ಬೇವಿನ ಕಟ್ಟೆಯ ಮೇಲೆ ಬೂಟುಗಾಲು ಇಳಿಬಿಟ್ಟು ಕೂತಿದ್ದ ಚೌರಪ್ಪ ಸುಮ್ಮನಿರಲಾರದೆ ಕೂಗಿದ: “ಇನ್ನಾಸಣ್ಣ, ಒಂಚೂರು ಚರ್ಮ ಉಳಿಸ್ಕೊಳಯ್ಯ! ಸ್ವಾಮಿಗಳು ಮುತ್ತಿಡೋಕೆ ಏನಾದ್ರೂ ಬೇಕಲ್ಲ!”

ಇನ್ನಾಸಪ್ಪನೂ ಬಿಡುವ ಆಸಾಮಿಯಲ್ಲ. “ನೀನು ಮೊದ್ಲು ದೇವಾಲಯದ ಒಳಗೆ ಕಾಲಿಡು, ಆಮೇಲೆ ಮಾತಾಡು. ಮಗಳ ಮದುವೆ ದಿನವೂ ಕಟ್ಟೆ ಮೇಲೇ ಕೂತಿರ್ತೀಯೇನೋ?”

ಚೌರಪ್ಪನ ನಗು ಅಲ್ಲೇ ನಿಂತಿತು. ಪಾಸ್ಕಹಬ್ಬ, ಅಂದರೆ ಈಸ್ಟರ್, ಕಳೆದರೆ ಫಿಲೋಮಿಯ ಮದುವೆ. ಬಾಗಿಲಿನಿಂದ ಪೀಠದವರೆಗೆ ತಂದೆಯೇ ಮಗಳ ಕೈಹಿಡಿದು ನಡೆಸಬೇಕು. “ಚಿಕ್ಕಪ್ಪನ ಕೈ ಹಿಡ್ಕೊಂಡು ಹೋಗಮ್ಮ” ಎಂದಿದ್ದಕ್ಕೆ ಆ ಹುಡುಗಿ ಅಪ್ಪನೊಡನೆ ಮಾತೇ ಬಿಟ್ಟಿದ್ದಳು. ಕಲ್ಲುಕ್ವಾರಿಯಲ್ಲಿ ಬಂಡೆ ಉರುಳಿ ಬಿದ್ದಂದಿನಿಂದ ಅವನು ಪೂಜೆಗೆ ಹೋದವನಲ್ಲ. “ದೇವರ ಹತ್ರ ಟೂ ಬಿಟ್ಟಿದ್ದೀನಿ” ಎನ್ನುತ್ತಿದ್ದ. ಜನ ನಾಸ್ತಿಕ ಎಂದರು. ಅನ್ನಲಿ, ‘ಅಯ್ಯೋ ಪಾಪ’ ಅನ್ನಿಸಿಕೊಳ್ಳುವುದಕ್ಕಿಂತ ವಾಸಿ ಎಂದುಕೊಂಡ. ಸಂಗತಿ ಏನೆಂದರೆ, ಆ ದೇವಾಲಯದೊಳಗೆ ಪಾದರಕ್ಷೆ ತೊಟ್ಟು ಯಾರೂ ಹೋಗುವುದಿಲ್ಲ. ಅವನ ಬಲಗಾಲಿನ ಬೂಟಿನಲ್ಲಿ ಬೆರಳುಗಳಿರಬೇಕಾದ ಕಡೆ ಬಟ್ಟೆ ತುರುಕಿತ್ತು.

ಸಂಜೆ ಪೂಜೆ ಆರಂಭವಾಯಿತು. ಪೀಠದ ಮುಂದೆ ಹನ್ನೊಂದೇ ಜನ. ಒಂದು ಕುರ್ಚಿ ಖಾಲಿ. ಸ್ವಾಮಿಗಳು ಪ್ರಶ್ನಾರ್ಥಕವಾಗಿ ನೋಡಿದರು. “ಬರುತ್ತಾರೆ ಸ್ವಾಮಿ” ಎಂದವರೇ ಅರುಳಪ್ಪನವರು ಜನರ ನಡುವೆ ನಡೆದು, ಬಾಗಿಲು ದಾಟಿ, ನೇರ ಬೇವಿನ ಕಟ್ಟೆಗೆ ಬಂದರು. ಮಣ್ಣಿನ ಮೇಲೆ ಮಂಡಿಯೂರಿ, ಇನ್ನೂ ಅಲ್ಲೇ ಕೂತಿದ್ದ ಚೌರಪ್ಪನ ಬೂಟಿನ ದಾರಕ್ಕೆ ಕೈ ಹಾಕಿದರು.

ಅವನು ಹಾವು ತುಳಿದವನಂತೆ ಕಾಲೆಳೆದುಕೊಂಡ. “ಬೇಡಿ ಉಪದೇಶಿಗಳೇ! ಇದು ಹತ್ತು ಜನರ ಮುಂದೆ ಚಾಚೋ ಕಾಲಲ್ಲ.”

ಅರುಳಪ್ಪನವರು ತಲೆಯೆತ್ತಿದರು. “ಒಳಗಿರೋ ಅಷ್ಟೂ ಕಾಲು ಮಧ್ಯಾಹ್ನವೇ ತೊಳೆದಾಗಿದೆಯಪ್ಪ. ಸ್ವಾಮಿಗಳಿಗೆ ತೊಳೆಯೋಕೆ ಒಂದಾದರೂ ಬೇಡವೇ?”

ಚೌರಪ್ಪನಿಗೆ ನಗು ಬಂತು. ಕಾಲನ್ನು ಮೆಲ್ಲಗೆ ಮುಂದೆ ಚಾಚಿದ. ಆ ಮಹನೀಯರು ದಾರ ಬಿಚ್ಚಿದರು, ಎರಡೂ ಬೂಟು ಕಳಚಿದರು, ಬಟ್ಟೆ ತೆಗೆದರು, ಅವನ ತೋಳನ್ನು ತಮ್ಮ ಹೆಗಲ ಮೇಲೆ ಹಾಕಿಕೊಂಡು ಒಳಗೆ ನಡೆಸಿದರು.

ತಣ್ಣನೆಯ ನೀರು ಬಿತ್ತು. ಬೆರಳಿಲ್ಲದ ಜಾಗಕ್ಕೇ ಸ್ವಾಮಿಗಳು ಬಾಗಿ ಮುತ್ತಿಟ್ಟರು. ಬಹಳ ಹೊತ್ತು ಕಣ್ಣುಮುಚ್ಚಿದ್ದ ಚೌರಪ್ಪ ಕೊನೆಗೆ ಧೈರ್ಯಮಾಡಿ ತಲೆಯೆತ್ತಿದರೆ, ಹೆಂಗಸರ ಸಾಲಿನಲ್ಲಿ ಫಿಲೋಮಿ ಸೆರಗು ಬಾಯಿಗೊತ್ತಿ ನಿಂತಿದ್ದಳು. ಅವಳ ನೋಟ ಅಪ್ಪನ ಮುಖದ ಮೇಲಿತ್ತು, ಕಾಲಿನ ಮೇಲಲ್ಲ.

ಮದುವೆಯ ದಿನ ಚೌರಪ್ಪ ಮನೆಯಿಂದಲೇ ಬರಿಗಾಲಲ್ಲಿ ಹೊರಟ. ಬೀದಿಯ ಜನ ನೋಡಿದರು; ನೋಡಲಿ ಎಂದ. ದೇವಾಲಯದ ಮೆಟ್ಟಿಲ ಬಳಿ ಮದುಮಗಳು, ಭಾರದ ರೇಷ್ಮೆ ಸೀರೆಯಲ್ಲಿ ಬಗ್ಗಲಾರದೆ, ಹೊಸ ಚಪ್ಪಲಿಯ ಪಟ್ಟಿ ಬಿಚ್ಚಲು ಒದ್ದಾಡುತ್ತಿದ್ದಳು.

“ತಡಿಯಮ್ಮ” ಎಂದು ಚೌರಪ್ಪ ಮಂಡಿಯೂರಿದ.

ಮೇಲೆ, ಗಂಟೆಯ ಹಗ್ಗ ಹಿಡಿದು ನಿಂತಿದ್ದ ಅರುಳಪ್ಪನವರು ಅವನು ಎರಡೂ ಪಟ್ಟಿ ಬಿಚ್ಚಿ ಎದ್ದು ನಿಲ್ಲುವವರೆಗೆ ಕಾದರು. ಆಮೇಲೆ ಗಂಟೆ ಹೊಡೆದರು.